ಜೋಡಿ ಹಾಕುವ ಸಾಲ್ಕಿನ್ ಮತ್ತು ಸಿಗದ ಒಂದು ದನಿ

ಬಿಷ್ಕೆಕ್‌ನ ಓಷ್ ಬಜಾರಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಹಿಂಬದಿಯಲ್ಲಿ, ಕಬ್ಬಿಣದ ಪೆಟ್ಟಿಗೆಯಂಥ ಅಂಗಡಿಗಳ ಸಾಲಿನಲ್ಲಿ, ಒಂದೇ ಒಂದು ಬಾಗಿಲ ಸಂದಿಯಿಂದ ಹಳದಿ ದೀಪ ಕಾಣುತ್ತದೆ. ತಂದೂರಿಗೆ ಬೆಂಕಿ ಹಾಕುತ್ತಿರುವ, ಸಮೋಸದಂಥ ಸಂಸಾ ಮಾರುವ ಅಂಗಡಿಯ ಹಮ್ರಾಕುಲ್, ಪತ್ರಿಕೆಗೆ ಬರೆಯಲು ಬಂದ ನನ್ನನ್ನು ನೋಡಿ, ತುಟಿಯ ಮೇಲೆ ಬೆರಳಿಟ್ಟು, ಆ ಬಾಗಿಲ ಕಡೆ ಗಲ್ಲ ಎತ್ತಿ ತೋರಿಸುತ್ತಾನೆ. “ಒಳಗೆ ಹೋಗಿ, ಆದ್ರೆ ಕೆಮ್ಮಬೇಡಿ. ನೀವು ಕೆಮ್ಮಿದ್ರೂ ಬೈಗುಳ ನನಗೇ ಬೀಳೋದು,” ಎಂದು ಪಿಸುಗುಡುತ್ತಾನೆ.

ಒಳಗೆ ಸಾಲ್ಕಿನ್ ಮೊಣಕಾಲೆತ್ತರದ ಮಣೆಯ ಮೇಲೆ ಕಣ್ಣುಮುಚ್ಚಿ ಕೂತಿದ್ದಾರೆ. ಐವತ್ತು ದಾಟಿದ ಹೆಂಗಸು, ಮೈಮೇಲೆ ಗಂಡಸರ ಉಣ್ಣೆ ಕೋಟು, ತಲೆಯ ಮೇಲೆ ಇಟ್ಟಿಗೆಯಷ್ಟು ಭಾರದ ಹಳೆಯ ಹೆಡ್‌ಫೋನ್. ಮೇಜಿನ ಮೇಲೆ ಒಂದರ ಮೇಲೊಂದು ಪೇರಿಸಿದ ಆಂಪ್ಲಿಫೈಯರ್‌ಗಳು, ಬೆಂಕಿಪೊಟ್ಟಣದ ಗಾತ್ರದ ಕನ್ವರ್ಟರ್‌ಗಳು, ಅವಕ್ಕೆಲ್ಲ ಜೀವ ಕೊಡಲು ನೆಲದಲ್ಲೊಂದು ಕಾರಿನ ಬ್ಯಾಟರಿ. ಬಜಾರಿನ ಕರೆಂಟಿನಲ್ಲಿ ಸದಾ ಗುಂಯ್ ಎನ್ನುವ ಸದ್ದಿರುತ್ತದೆ ಎಂದು ಅವರಿಗೆ ಅದರ ಮೇಲೆ ನಂಬಿಕೆಯಿಲ್ಲ. ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ, ತಡೆಯುತ್ತಾರೆ, ಮತ್ತೆ ತಿರುಗಿಸುತ್ತಾರೆ. ಆಮೇಲೆ ನಿಟ್ಟುಸಿರು ಬಿಟ್ಟು, ತಂತಿ ಕಳಚಿ, ಬೇರೊಂದು ಕನ್ವರ್ಟರ್ ಸಿಕ್ಕಿಸುತ್ತಾರೆ.

“ಬಂದ್ರಾ? ಕೂತ್ಕೊಳ್ಳಿ,” ಎನ್ನುತ್ತಾರೆ ಕಣ್ಣು ತೆರೆಯದೆ. “ಎದುರುಗಡೆಯವನು ಲೌಡ್‌ಸ್ಪೀಕರ್ ಹಾಕೋವರೆಗೆ ಮಾತ್ರ ನನ್ನ ಕೆಲಸ. ಆಮೇಲೆ ಇಲ್ಲಿ ದೇವರೇ ಕರೆದ್ರೂ ಕೇಳ್ಸಲ್ಲ.”

ಸಾಲ್ಕಿನ್ ಅವರ ಕಸುಬಿಗೆ ಹೆಸರಿಲ್ಲ. ಅಂಗಡಿಗೂ ಫಲಕವಿಲ್ಲ. ಮನೆಯಲ್ಲಿ ಒಬ್ಬರೇ ಕೂತು ಹಾಡು ಕೇಳಬೇಕೆನ್ನುವವರಿಗೆ, ಅವರ ಬಳಿಯಿರುವ ಹೆಡ್‌ಫೋನಿಗೆ ಯಾವ ಆಂಪ್ಲಿಫೈಯರ್ ಒಗ್ಗುತ್ತದೆ, ಅದಕ್ಕೆ ಯಾವ ಕನ್ವರ್ಟರ್ ಸೇರಿಸಬೇಕು ಎಂದು ನೋಡಿ ಕೂರಿಸಿಕೊಡುವುದು ಅವರ ಕೆಲಸ. ಬಜಾರಿನವರು ಅವರನ್ನು ಮದುವೆ ದಲ್ಲಾಳಿ ಎಂದೇ ಕರೆಯುವುದು. “ಊರಿಗೆಲ್ಲ ಜೋಡಿ ಹಾಕ್ತೀಯ, ನಿನ್ನ ಜೋಡಿ ಏನಾಯ್ತಕ್ಕ?” ಎಂದು ಹಮ್ರಾಕುಲ್ ಆಗಾಗ ಕೆಣಕುತ್ತಾನೆ. ಸಾಲ್ಕಿನ್‌ಗೆ ಸಿಟ್ಟು ಬರುವುದಿಲ್ಲ. “ನನ್ನ ಗಂಡ ಭಾರಿ ಆಂಪ್ಲಿಫೈಯರ್, ನಾನು ಸೂಕ್ಷ್ಮದ ಹೆಡ್‌ಫೋನು. ಎರಡೇ ವರ್ಷಕ್ಕೆ ಸುಟ್ಟುಹೋಯ್ತು,” ಎಂದು ಅವರೇ ನಗುತ್ತಾರೆ.

ಕೆಲಸವನ್ನು ಅವರು ವಿವರಿಸುವ ರೀತಿಯೂ ಹೀಗೇ. “ನಿಮ್ಮ ಫೋನಿನೊಳಗೆ ಇರೋದು ಹಾಡಲ್ಲ, ಬರೀ ಅಂಕಿ. ಅದನ್ನ ದನಿ ಮಾಡೋದು ಕನ್ವರ್ಟರ್. ದನಿಗೆ ಕಸುವು ಕೊಡೋದು ಆಂಪ್ಲಿಫೈಯರ್. ಕಿವಿಗೆ ಮುಟ್ಟಿಸೋದು ಹೆಡ್‌ಫೋನ್. ಮೂರೂ ಒಳ್ಳೇವೇ ಇರಬಹುದು, ಒಂದೇ ಮನೇಲಿ ಕೂರಿಸಿದ್ರೆ ಜಗಳ. ಈ ಹಳೇ ಕಾಲದ್ದು ಇದೆಯಲ್ಲ, ಇದು ಸೋಮಾರಿ ಕುದುರೆ, ಹಿಮ್ಮಡೀಲಿ ಒದೀದೆ ಹೆಜ್ಜೆ ಎತ್ತಲ್ಲ. ಕಿವಿಯೊಳಗೆ ತೂರಿಸ್ತಾರಲ್ಲ ಪುಟ್ಟದು, ಅದು ಚುರುಕು ಮರಿ. ದೊಡ್ಡ ಆಂಪ್ಲಿಫೈಯರ್ ಹತ್ರ ಕಟ್ಟಿದ್ರೆ ಬೆದರಿ ಬುಸ್ ಅನ್ನುತ್ತೆ.”

ಬೆಳಗಿನ ಮೊದಲ ಗಿರಾಕಿ ಕುಬಾನಿಚ್. ಊರೊಳಗೆ ವ್ಯಾನ್ ಓಡಿಸುವ ಚಾಲಕ. ಒಂದೇ ಕೋಣೆಯ ಮನೆ, ಅದರಲ್ಲಿ ಹೆಂಡತಿ, ಮಕ್ಕಳು, ಅತ್ತೆ. ಹಗಲೆಲ್ಲ ಪ್ರಯಾಣಿಕರ ಗದ್ದಲ ಕೇಳಿ ಬಂದವನಿಗೆ ಮನೆಯಲ್ಲಿ ಒಂದು ಹಾಡನ್ನಾದರೂ ನೆಟ್ಟಗೆ ಕೇಳುವ ಆಸೆ. ತಂದಿರುವ ಹೆಡ್‌ಫೋನು ಅವನ ತಂದೆಯದು. ಅದನ್ನು ತಲೆಯ ಮೇಲಿನ ಬಿಳಿಯ ಕಲ್ಪಾಕ್ ಟೊಪ್ಪಿಗೆಯ ಸಮೇತ ಏರಿಸಿಕೊಂಡು, “ಡೋಲು ಗೀಲು ಏನೂ ಕೇಳ್ತಿಲ್ಲ, ಬರೀ ಸೊಳ್ಳೆ ಹಾಡಿದಂಗಿದೆ,” ಎನ್ನುತ್ತಾನೆ.

“ಕಲ್ಪಾಕ್ ತೆಗಿಯೋ, ಮಹಾರಾಯ.”

“ತೆಗೆದು ಎಲ್ಲಿ ಇಡ್ಲಕ್ಕ? ಮೇಜಿನ ಮೇಲೆ ನಿನ್ನ ಸಾಮಾನು. ನೆಲದ ಮೇಲಂತೂ ಇಡೋ ಹಾಗಿಲ್ಲ.”

“ತಲೆ ಎತ್ತಿ ನೋಡು. ಆ ಮೊಳೆ ಯಾಕೆ ಹೊಡ್ದಿದೀನಿ? ನಿನ್ನಂಥ ರಾಜರ ಕಿರೀಟಕ್ಕೇ.”

ಇದು ನಮ್ಮವರ ಹಳೆಯ ಕಾಯಿಲೆ. ಗಂಡಸರು ಕಲ್ಪಾಕ್ ತೆಗೆಯುವುದಿಲ್ಲ, ಹೆಂಗಸರು ತಲೆವಸ್ತ್ರ ಸಡಿಲಿಸುವುದಿಲ್ಲ. ಹೆಡ್‌ಫೋನನ್ನು ಅದರ ಮೇಲೆಯೇ ಏರಿಸಿ, ದನಿ ಸೋರಿಹೋದರೆ ಯಂತ್ರವನ್ನು ಬೈಯುತ್ತಾರೆ. ಅದಕ್ಕೇ ಸಾಲ್ಕಿನ್ ಅಂಗಡಿಯಲ್ಲಿ ಎಲ್ಲಕ್ಕಿಂತ ಎತ್ತರದ ಮೊಳೆ ಕಲ್ಪಾಕ್‌ಗೆ ಮೀಸಲು, ಮೂಲೆಯಲ್ಲಿ ಹೆಂಗಸರಿಗಾಗಿ ಒಂದು ಹೂವಿನ ಪರದೆ. ಬಂದವರಿಗೆ ಅವರು ತಕ್ಷಣ ಏನನ್ನೂ ಕೇಳಿಸುವುದಿಲ್ಲ. ಬಟ್ಟಲಿಗೆ ಸ್ವಲ್ಪವೇ ಚಹಾ ಹಾಕಿ ಕೊಡುತ್ತಾರೆ, ಮುಗಿದ ಮೇಲೆ ಇನ್ನಷ್ಟು. ತುಂಬ ಸುರಿದುಕೊಟ್ಟರೆ ಕುಡಿದು ಹೊರಡು ಎಂದಂತಾಗುತ್ತದೆ. ಸ್ವಲ್ಪ ಸ್ವಲ್ಪವೇ ಹಾಕಿದರೆ ಮನುಷ್ಯ ಕೂರುತ್ತಾನೆ, ಕೂತರೆ ಕಿವಿಯೊಳಗಿನ ರಸ್ತೆಯ ಗದ್ದಲ ಇಳಿಯುತ್ತದೆ. ಮೂರನೆಯ ಬಾರಿ ಬಟ್ಟಲು ಚಾಚುವ ಹೊತ್ತಿಗೆ ಕುಬಾನಿಚ್‌ನ ಹೆಗಲು ತಾನಾಗಿ ಕೆಳಗಿಳಿದಿದೆ.

ಆಗ ಸಾಲ್ಕಿನ್ ಅವನಿಗೆ ತಮ್ಮ ಹಾಡು ಹಾಕುತ್ತಾರೆ. ಯಾವ ಜೋಡಿಯನ್ನೇ ಕೂರಿಸಲಿ, ಅವರು ಪರೀಕ್ಷಿಸುವುದು ಇದೊಂದರಲ್ಲೇ. ಎಂದೋ ಸೋವಿಯತ್ ಕಾಲದಲ್ಲಿ ಬೆಟ್ಟದೂರಿನ ಒಂದು ಕ್ಲಬ್ಬಿನಲ್ಲಿ ಹೆಂಗಸರ ಮೇಳವೊಂದು ಹಾಡಿದ್ದು. ಬೇಸಿಗೆಯ ಹುಲ್ಲುಗಾವಲಿಗೆ ಮಂದೆ ಹೊಡೆದುಕೊಂಡು ಹೊರಡುವ ಹಾಡು. ಗಿರಾಕಿಗಳಿಗೆಲ್ಲ ಅದು ಬಾಯಿಪಾಠ. “ಮತ್ತೆ ನಿನ್ನ ಅತ್ತೆಯರ ಮೇಳವಾ?” ಎಂದು ಗೊಣಗುತ್ತಲೇ ಕೇಳುತ್ತಾರೆ.

ಕುಬಾನಿಚ್ ಹುಬ್ಬು ಗಂಟಿಕ್ಕಿ ಕೇಳಿ, “ಚೆನ್ನಾಗಿದೆಯಕ್ಕ. ಆದ್ರೆ ನಡುವೆ ಅದೇನೋ ಟಿಣ್ ಅನ್ನುತ್ತೆ. ಯಾವ್ದೋ ಸ್ಕ್ರೂ ಸಡಿಲ ಇರಬೇಕು,” ಎನ್ನುತ್ತಾನೆ.

“ಸ್ಕ್ರೂ ಅಲ್ಲ, ಟೇಪಿನ ದೋಷ. ಹಳೇ ಟೇಪು, ಸವೆದಿದೆ. ತಡಿ, ಅದನ್ನ ಅಡಗಿಸ್ತೀನಿ.” ಅವರು ಹಳೆಯ ಶಿರ್ದಕ್ ಕಂಬಳಿಯಿಂದ ಕತ್ತರಿಸಿದ ಉಂಗುರದಂಥ ತುಂಡೊಂದನ್ನು ಹೆಡ್‌ಫೋನಿನ ಮೆತ್ತೆಯ ಕೆಳಗೆ ತೂರಿಸುತ್ತಾರೆ. ಚೂಪು ದನಿಯ ಕನ್ವರ್ಟರ್ ತೆಗೆದು ಮೆದು ದನಿಯದನ್ನು ಹಾಕುತ್ತಾರೆ. ಮತ್ತೆ ಹಾಡು. ಈ ಸಲ ಕುಬಾನಿಚ್ ಕಣ್ಣುಮುಚ್ಚಿಕೊಂಡು ತಲೆದೂಗುತ್ತಾನೆ. ಸಾಲ್ಕಿನ್ ಕೈಯ ಜೋಡಿಗಳು ಕಿವಿಗೆ ಹಿತ, ಎಷ್ಟು ಹೊತ್ತು ಕೇಳಿದರೂ ತಲೆನೋವು ಬರುವುದಿಲ್ಲ ಎಂದು ಊರಲ್ಲಿ ಹೆಸರಿರುವುದು ಈ ಕಂಬಳಿ ಉಂಗುರದಿಂದಲೇ.

ಅವನು ಹೋದ ಮೇಲೆ, ಯಾಕೆ ಯಾವಾಗಲೂ ಅದೇ ಹಾಡು ಎಂದು ಕೇಳುತ್ತೇನೆ. ಸಾಲ್ಕಿನ್ ಬಟ್ಟಲಿನ ತಳದ ಚಹಾವನ್ನು ಅಲ್ಲಾಡಿಸುತ್ತಾ ಕೂರುತ್ತಾರೆ. ಎದುರಿನ ಲೌಡ್‌ಸ್ಪೀಕರ್ ಶುರುವಾಗಿದೆ. ಆ ಗಲಾಟೆಯ ಮರೆಯಲ್ಲೇ ಅವರಿಗೆ ಹೇಳುವುದು ಸುಲಭವೆಂದು ಕಾಣುತ್ತದೆ.

“ಆ ಮೇಳದಲ್ಲಿ ನಮ್ಮಮ್ಮ ಇದಾಳೆ.”

ತಾಯಿಯ ಹೆಸರು ಕಾಲಿಪಾ. ನಾರಿನ್ ಕಡೆಯ ಬೆಟ್ಟದೂರಿನಲ್ಲಿ, ಸಾಲ್ಕಿನ್‌ಗೆ ಇನ್ನೂ ಹಾಲು ಬಿಡಿಸುವ ಮೊದಲೇ ಜ್ವರ ಬಂದು ತೀರಿಹೋದವರು. ತಂದೆ ಮತ್ತೆ ಮದುವೆಯಾದರು. ಹೊಸಬಳ ಮನಸ್ಸು ನೋಯಬಾರದೆಂದು ಆ ಮನೆಯಲ್ಲಿ ಯಾರೂ ಕಾಲಿಪಾಳ ಹೆಸರೆತ್ತಲಿಲ್ಲ. ಮಲತಾಯಿ ಕೆಟ್ಟವರಲ್ಲ, ಹೊಟ್ಟೆಬಟ್ಟೆಗೆ ಕಡಿಮೆ ಮಾಡಲಿಲ್ಲ. ತಾಯಿಯ ಬಗ್ಗೆ ಹುಡುಗಿಯ ಕಿವಿಗೆ ಬಿದ್ದದ್ದು ಒಂದೇ ಮಾತು, ಅದೂ ನೀರಿನ ದಡದಲ್ಲಿ ಯಾರೋ ಹೆಂಗಸರು ಆಡಿಕೊಂಡದ್ದು: ಕಾಲಿಪಾ ಹಾಡಿದರೆ ಒದೆಯುವ ಹಸುವೂ ಸುಮ್ಮನೆ ನಿಂತು ಹಾಲು ಕೊಡುತ್ತಿತ್ತಂತೆ.

“ಒಂದು ಫೋಟೊ ಇದೆ. ಅದ್ರಲ್ಲಿ ಬಿಸಿಲಿಗೆ ಕಣ್ಣು ಕಿರಿದು ಮಾಡಿದಾಳೆ, ಮುಖ ಗೊತ್ತಾಗಲ್ಲ. ಮುಖ ಬೇಡ ಬಿಡಿ. ದನಿ ಬೇಕು ನಂಗೆ. ನನ್ನ ಹೆಸರು ಹಿಡಿದು ಕೂಗಿರ್ತಾಳಲ್ಲ, ಬೈದಿರ್ತಾಳಲ್ಲ, ಅದು ಹೇಗಿತ್ತು ಅಂತ ಬೇಕು.”

ಸಾಲ್ಕಿನ್ ಓದಿ ಬಂದು ನಗರದ ಒಂದು ರೇಡಿಯೊ ಕೇಂದ್ರದಲ್ಲಿ ಟೇಪು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದೇ ಈ ಆಸೆಯಿಂದ. ಹಿಂದೊಮ್ಮೆ ರೇಡಿಯೊದವರು ಬಂದು ಹೆಂಗಸರ ಮೇಳದ ಹಾಡನ್ನು ಟೇಪಿಗಿಳಿಸಿಕೊಂಡು ಹೋಗಿದ್ದರೆಂದು ಊರಲ್ಲಿ ಹೇಳುತ್ತಿದ್ದರು. ವರ್ಷಗಳ ಕಾಲ ಧೂಳು ಕುಡಿದ ಮೇಲೆ ಊರಿನ ಹೆಸರಿದ್ದ ಸುರುಳಿ ಸಿಕ್ಕಿತು. ಅದನ್ನು ಕಂಪ್ಯೂಟರಿಗೆ ಇಳಿಸಿ ತನಗೊಂದು ಪ್ರತಿ ಮಾಡಿಕೊಂಡರು. ಕೇಳಿದರೆ ಇಡೀ ಮೇಳ ಒಂದೇ ಗಂಟಲು. ಯಾರ ದನಿ ಎಲ್ಲಿ ಮುಗಿದು ಯಾರದು ಎಲ್ಲಿ ಶುರುವಾಗುತ್ತದೆಂದು ತಿಳಿಯದು. ಒಳ್ಳೆಯ ಹೆಡ್‌ಫೋನ್ ಹಾಕಿದರೆ ಬಿಡಿಸಿ ಕೇಳಬಹುದೇನೋ ಎಂದು ಒಂದು ಕೊಂಡರು. ಅದಕ್ಕೆ ಕಸುವು ಸಾಲದೆಂದು ಆಂಪ್ಲಿಫೈಯರ್, ಅದು ಒರಟಾಯಿತೆಂದು ಕನ್ವರ್ಟರ್. ಕೆಲಸ ಹೋದ ಮೇಲೆ ಇದೇ ಹೊಟ್ಟೆಪಾಡಾಯಿತು. ಈ ಊರಿನಲ್ಲಿ ಎಷ್ಟು ಮನೆಗಳಲ್ಲಿ ಜನ ಇವರು ಕೂರಿಸಿಕೊಟ್ಟ ಜೋಡಿಯಲ್ಲಿ ಹಾಡು ಕೇಳುತ್ತಾರೋ, ಅಷ್ಟು ಮನೆಗಳ ಜೋಡಿಗಳೂ ಒಬ್ಬ ಹೆಂಗಸಿನ ದನಿ ಹುಡುಕಲು ಹೊರಟವೇ.

“ಈಗ ಒಂದೊಂದೇ ದನಿ ಬಿಡಿಸಿ ಕೇಳ್ತೀನಿ. ಒಬ್ಬಳು ಮೂಗಿನಲ್ಲಿ ಹಾಡ್ತಾಳೆ, ಒಬ್ಬಳು ಕೊನೇಲಿ ಎಳೀತಾಳೆ. ಆದ್ರೆ ಇವರಲ್ಲಿ ಅಮ್ಮ ಯಾರು? ಕೇಳಿದ ನೆನಪೇ ಇಲ್ದೋಳು ಹೇಗೆ ಗುರುತು ಹಿಡೀಲಿ? ಆ ಹಾಳು ಟಿಣ್ ಟಿಣ್ ಬೇರೆ, ಸರಿಯಾಗಿ ಪಲ್ಲವಿ ಎತ್ತೋ ಹೊತ್ತಿಗೇ ಅಡ್ಡ ಬರುತ್ತೆ.”

ಗುರುತು ಹಿಡಿಯಬಲ್ಲವರು ಒಬ್ಬರೇ ಉಳಿದಿದ್ದಾರೆ: ಕಾಲಿಪಾಳ ಓರಗಿತ್ತಿ ಉಲ್ಕನ್, ಸಾಲ್ಕಿನ್‌ಗೆ ದೊಡ್ಡಮ್ಮ. ಆ ಮೇಳದಲ್ಲಿ ಹಾಡಿದವರಲ್ಲಿ ಬದುಕಿರುವವರೂ ಅವರೊಬ್ಬರೇ. ಎಂಬತ್ತು ದಾಟಿದ ಮೇಲೂ ಕುರಿ ಬಿಟ್ಟು ಊರಿಂದ ಇಳಿದವರಲ್ಲ. ಸಾಲ್ಕಿನ್ ಒಮ್ಮೆ ಅಲ್ಲಿಗೇ ಹೋಗಿ ಫೋನಿನಲ್ಲಿ ಹಾಡು ಕೇಳಿಸಿ, ಮೇಳದಲ್ಲಿ ಅಮ್ಮ ಇದ್ದಳಾ ಎಂದು ಕೇಳಿದ್ದರಂತೆ. “ಹೂಂ, ಇದ್ಲು, ನಾವೇ,” ಎಂದು ಅಜ್ಜಿ ಹಿಟ್ಟು ನಾದಲು ಎದ್ದುಹೋಗಿದ್ದರು. ಈಗ ಅಜ್ಜಿಯ ಕಿವಿ ಮಂದವಾಗುತ್ತಿದೆ, ಇನ್ನೊಂದು ಚಳಿಗಾಲ ಕಳೆದರೆ ಏನೂ ಕೇಳಿಸದೆ ಹೋಗಬಹುದು ಎಂದು ವೈದ್ಯರು ಹೇಳಿದ್ದಾರೆ.

“ದೊಡ್ಡಮ್ಮನ ಕಿವಿ ಹೋಯ್ತು ಅಂದ್ರೆ ನಮ್ಮಮ್ಮನ ದನಿ ಗೊತ್ತಿರೋರು ಈ ಭೂಮಿ ಮೇಲೆ ಯಾರೂ ಇರಲ್ಲ,” ಎನ್ನುತ್ತಾರೆ ಸಾಲ್ಕಿನ್. “ಕಣ್ಣಿನ ಆಪರೇಷನ್‌ಗೆ ಮುಂದಿನ ವಾರ ಕರ್ಕೊಂಡು ಬರ್ತಾರೆ. ಅಷ್ಟರೊಳಗೆ ಅವಳ ಕಿವಿಗೆ ಒಗ್ಗೋ ಜೋಡಿ ಕೂರಿಸ್ಬೇಕು.” ನಾನು ಬಂದಾಗ ಅವರು ನಸುಕಿನಲ್ಲಿ ತಿರುಗಿಸುತ್ತಿದ್ದ ಗುಂಡಿ ಅದಕ್ಕಾಗಿಯೇ ಇತ್ತು.

ಉಲ್ಕನ್ ಅಜ್ಜಿ ಬಂದ ಬೆಳಗ್ಗೆಯೂ ನಾನು ಅಂಗಡಿಯಲ್ಲಿದ್ದೇನೆ. ಬಿಳಿಯ ತಲೆವಸ್ತ್ರ, ಕೈಯಲ್ಲಿ ಊರಿನಿಂದ ತಂದ ಕುರುತ್ ಎಂಬ ಒಣಮೊಸರಿನ ಉಂಡೆಗಳ ಚೀಲ. ಹಮ್ರಾಕುಲ್ ಸಂಸಾ ತಂದಿಟ್ಟು, ಇವತ್ತೊಂದು ದಿನ ತಡವಾಗಿ ಲೌಡ್‌ಸ್ಪೀಕರ್ ಹಾಕುವಂತೆ ಎದುರಿನವನನ್ನು ಒಪ್ಪಿಸಿ ಬಂದಿದ್ದಾನೆ. ಅಜ್ಜಿ ಅವನನ್ನು ಹೊರಗಟ್ಟಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, “ಈ ಬರ್ಯೋಳು ಇರ್ಲಿ, ಹೆಣ್ಣಲ್ವಾ,” ಎಂದು ಪರದೆ ಎಳೆಸುತ್ತಾರೆ. ಹೆಡ್‌ಫೋನ್ ನೋಡಿದ್ದೇ ಹಿಂದಕ್ಕೆ ಸರಿಯುತ್ತಾರೆ.

“ಅಯ್ಯಯ್ಯೋ, ಇದೇನ್ ಕುದ್ರೆ ಜೀನಾ? ನನ್ ತಲೆ ಮ್ಯಾಲ್ ಕಟ್ತೀಯಾ?”

“ಜೀನೇ ದೊಡ್ಡಮ್ಮ. ಹತ್ತಿ ಕೂತ್ಕೋ. ವಸ್ತ್ರ ಸ್ವಲ್ಪ ಸಡಿಲ ಮಾಡು. ಬಾಯಲ್ಲಿರೋ ಕುರುತ್ ಉಗುಳು, ಅಗೀತಿದ್ರೆ ಹಲ್ಲಿನ ಸದ್ದೇ ಕೇಳೋದು.”

“ಹಲ್ಲೆಲ್ಲೈತೆ ನಂಗೆ? ಚೀಪ್ತಾವ್ನಿ.”

ಚಹಾ ಸ್ವಲ್ಪ ಸ್ವಲ್ಪವೇ ಆಗುತ್ತದೆ. ಗುಂಡಿ ತಿರುಗುತ್ತದೆ, ಅಜ್ಜಿ ಬೆಚ್ಚುತ್ತಾರೆ. ಅವರ ಕಣ್ಣು ನಿಧಾನ ಅಗಲವಾಗುತ್ತದೆ. ಸದ್ದು ಎಲ್ಲಿಂದ ಬರುತ್ತಿದೆಯೆಂದು ಅಂಗಡಿಯ ಮೂಲೆಮೂಲೆ ನೋಡಿ, ಆಮೇಲೆ ನಮಗೂ ಕೇಳುತ್ತಿದೆ ಎನ್ನುವಂತೆ ಜೋರಾಗಿ ಕೂಗತೊಡಗುತ್ತಾರೆ.

“ಇವ್ಳು ಬಾತ್ಮಾ! ಮೂಗ್ನಾಗೇ ಹಾಡ್ತಾವ್ಳೆ, ಕಳ್ಳಮುಂಡೆ. ಸತ್ತು ಎಷ್ಟೊರ್ಷ ಆಯ್ತೇ ನೀನು! ಇಗೋ ಇದು ಜೂರಾ, ಹಾಲಿನ್ ಡೈರಿಯೋಳು. ಇದು... ಇದು ನಾನಲ್ವಾ? ನಾನೇ ಕಣೇ! ರಾಗ ತಪ್ಪೈತೆ. ಆದ್ರೂ ಗಂಟ್ಲು ನೋಡು, ಹೆಂಗೈತೆ!”

“ಅಮ್ಮ ಯಾವ್ದು ದೊಡ್ಡಮ್ಮ?” ಸಾಲ್ಕಿನ್ ಬಗ್ಗಿ, ಅವರ ಮುಖಕ್ಕೆ ಮುಖ ತಂದು ಕೇಳುತ್ತಾರೆ.

ಅಜ್ಜಿ ಹಾಡನ್ನು ಕೊನೆಯವರೆಗೆ ಕೇಳುತ್ತಾರೆ. ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡು, ಅದನ್ನು ಸವರುತ್ತಾರೆ.

“ಅವ್ಳು ನನ್ ಪಕ್ದಾಗೇ ನಿಂತಿದ್ಲು. ಎಡಗಡೀಕೆ.”

“ಹಾಗಾದ್ರೆ ಕೇಳ್ಬೇಕಲ್ಲ.”

“ಎಲ್ ಕೇಳಾದು ಮಗಾ. ಅವ್ಳು ಹಾಡ್ಲೇ ಇಲ್ವಲ್ಲ.”

ಸಾಲ್ಕಿನ್ ಅಲ್ಲೇ ಮಣೆಯ ಮೇಲೆ ಕೂರುತ್ತಾರೆ. ಅಜ್ಜಿ ಇದರಲ್ಲಿ ಗಾಬರಿಪಡುವಂಥದ್ದೇನೆಂದು ಅರ್ಥವಾಗದೆ, ಹಳೆಯ ತಮಾಷೆಯೊಂದನ್ನು ಹೇಳುವಂತೆ ಹೇಳತೊಡಗುತ್ತಾರೆ.

“ರೇಡಿಯೊದೋರು ಬಂದವ್ರೆ ಅಂತ ಊರಿಗೂರೇ ಬಂದು ಕೂತ್ಬುಡ್ತು. ನಮ್ ಮಾವ್ನೋರೂ ಬಂದ್ರು. ಊರಿನ್ ಅಧ್ಯಕ್ಸ ಕೈ ಹಿಡ್ದು ಕರ್ಕಂಬಂದು ಮುಂದಿನ್ ಸಾಲ್ನಾಗೇ ಕೂರಿಸ್ಬುಟ್ಟ. ನಂಗೇನು, ನಾಕು ಹೆತ್ತೋಳು, ನಾಚ್ಕೆ ಎಲ್ಲಾ ತೊಳ್ಕಂಡ್ ಹೋಗಿತ್ತು. ಅವ್ಳು ಹೊಸ ಸೊಸೆ. ಮಾವ್ನೋರ ಮುಂದೆ ಗಂಟ್ಲು ಎತ್ತಾಳಾ? ಎದ್ದೋಗಾನ ಅಂದ್ರೆ ಅವ್ರಿಗೆ ಬೆನ್ ತೋರಿಸ್ದಂಗಾಯ್ತದೆ. ನಿಂತ್ಕಂಡು ಸುಮ್ನೆ ತುಟಿ ಆಡಿಸ್ದ್ಲು, ಪಾಪ. ಹೆಂಗ್ ಹಾಡೋಳು ಗೊತ್ತಾ? ಅಭ್ಯಾಸ್ದಾಗೆಲ್ಲ ನಮ್ದೆಲ್ಲ ಅವ್ಳ ಮುಂದೆ ಕಾಗೆ ಕೂಗ್ದಂಗೆ.” ಮಾವನ ಹೆಸರನ್ನು ಅಜ್ಜಿ ಇವತ್ತಿಗೂ ಬಾಯಲ್ಲಿ ಹೇಳುವುದಿಲ್ಲ.

“ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ದೊಡ್ಡಮ್ಮ?”

“ನೀನ್ ಯಾವಾಗ್ ಕೇಳ್ದೆ? ಮೇಳದಾಗಿದ್ಲಾ ಅಂದೆ. ಇದ್ಲು ಅಂದೆ.”

ಪರದೆಯಾಚೆ ಹಮ್ರಾಕುಲ್ ಸಂಸಾ ತಟ್ಟೆ ಜೋಡಿಸುತ್ತಿದ್ದಾನೆ. ಸಾಲ್ಕಿನ್ ತಂತಿಯನ್ನು ಬೆರಳಿಗೆ ಸುತ್ತುತ್ತಿದ್ದಾರೆ, ಬಿಚ್ಚುತ್ತಿದ್ದಾರೆ. ಇಷ್ಟು ವರ್ಷ ಒಬ್ಬರ ಗಂಟಲಿನಿಂದ ಇನ್ನೊಬ್ಬರದನ್ನು ಬಿಡಿಸುತ್ತಾ ಹೋಗಿ, ಕೊನೆಗೆ ತಲುಪಿದ್ದು ಮುಚ್ಚಿದ ಬಾಯಿಗೆ.

ಅಜ್ಜಿ ಇನ್ನೊಂದು ಕುರುತ್ ಬಾಯಿಗೆ ಹಾಕಿಕೊಂಡು ತಾವಾಗಿಯೇ ನಗುತ್ತಾರೆ. “ಅದೂ ಸಾಲ್ದು ಅಂತ ಅವ್ಳ ಜಡೆ ಕುಚ್ಚು. ಬೆಳ್ಳಿ ಕಾಸು ಕಟ್ಟಿದ್ದು, ನಮ್ಮತ್ತೆ ಮದ್ವೇಲಿ ಹಾಕಿದ್ದು. ರೇಡಿಯೊದೋನು ಎಲ್ರ ಕುಚ್ಚೂ ಬಿಚ್ಚಿಸ್ದ, ಸದ್ದು ಬತ್ತದೆ ಅಂತ. ಇವ್ಳು ಮಾವ್ನೋರ ಎದ್ರಿಗೆ ಜಡೆಗೆ ಕೈ ಹಾಕ್ತಾಳಾ? ಹಂಗೇ ನಿಂತ್ಲು. ನಾವೆಲ್ಲ ಪಲ್ಲವಿಗೆ ಉಸ್ರು ತಕ್ಕಂಡಾಗೆಲ್ಲ ಇವ್ಳೂ ತಲೆ ಆಡ್ಸೋಳು. ಟಿಣ್! ನಾನ್ ಪಕ್ದಾಗಿಂದ ಗಿಂಡ್ದೆ. ಆದ್ರೂ ಟಿಣ್! ನೀನೂ ಅಲ್ಲೇ ಇದ್ದೆ ಕಣೇ, ಅವ್ಳ ಹೊಟ್ಟೇನಾಗೆ.” ಆಮೇಲೆ ಏನೋ ನೆನಪಾದವರಂತೆ ಹೆಡ್‌ಫೋನ್ ಎತ್ತಿ ನೋಡುತ್ತಾರೆ. “ಅದು ಐತಾ ಇದ್ರೊಳ್ಗೆ? ನಂಗೇನೂ ಕೇಳ್ಲಿಲ್ಲ.”

ಸಾಲ್ಕಿನ್ ಸರ್ರನೆ ಏಳುತ್ತಾರೆ. ಮೇಜಿನಡಿಯ ಡಬ್ಬ ಎಳೆದು, ಬೇಡವೆಂದು ಎಸೆದ ಕನ್ವರ್ಟರ್‌ಗಳ ನಡುವೆ ತಡಕಾಡುತ್ತಾರೆ. ಎಲ್ಲಕ್ಕಿಂತ ಚೂಪು ದನಿಯದು, ಟಿಣ್ ಎನ್ನುವುದನ್ನು ಎದ್ದು ಕಾಣಿಸುತ್ತದೆಂದು ಯಾವ ಗಿರಾಕಿಗೂ ಕೊಡದೆ ಬಿಸಾಡಿದ್ದು, ಅಡಿಯಲ್ಲಿ ಸಿಗುತ್ತದೆ. ಅದನ್ನು ಸಿಕ್ಕಿಸುತ್ತಾರೆ. ಹೆಡ್‌ಫೋನಿನ ಮೆತ್ತೆಯೊಳಗೆ ಉಗುರು ತೂರಿಸಿ ಕಂಬಳಿ ಉಂಗುರವನ್ನು ಕಿತ್ತುಹಾಕುತ್ತಾರೆ. ಇದೆಲ್ಲ ಎಷ್ಟು ಆತುರದಲ್ಲಿ ನಡೆಯುತ್ತದೆಂದರೆ ಬಟ್ಟಲು ಉರುಳಿ ಚಹಾ ಚೆಲ್ಲಿದ್ದೂ ಅವರಿಗೆ ತಿಳಿಯುವುದಿಲ್ಲ. ತಲೆಗೇರಿಸಿಕೊಂಡು, ಕಣ್ಣುಮುಚ್ಚಿ, ಹಾಡನ್ನು ಮೊದಲಿನಿಂದ ಹಾಕುತ್ತಾರೆ.

ನನಗೆ ಹಾಡು ಕೇಳುವುದಿಲ್ಲ, ಅವರ ಮುಖ ಮಾತ್ರ ಕಾಣುತ್ತದೆ. ಮೊದಲು ಏನೂ ಇಲ್ಲ. ಆಮೇಲೆ ಒಂದು ಕೈ ಚಾಚಿ ಅಜ್ಜಿಯ ಮಣಿಕಟ್ಟು ಹಿಡಿದು, ಬೆರಳಿನಿಂದ ಮೆಲ್ಲಗೆ ಒಮ್ಮೆ ತಟ್ಟುತ್ತಾರೆ. ಸ್ವಲ್ಪ ತಡೆದು ಮತ್ತೊಮ್ಮೆ. ಅಜ್ಜಿಗೆ ಎರಡನೆಯ ಸಲಕ್ಕೆ ಅರ್ಥವಾಗುತ್ತದೆ. ಬಾಯೊಳಗಿನ ಕುರುತ್ ಒಂದು ಕೆನ್ನೆಗೆ ಸರಿಸಿ, ದನಿಯಿಲ್ಲದೆ ಪಲ್ಲವಿಗೆ ಉಸಿರೆಳೆದುಕೊಳ್ಳುತ್ತಾರೆ, ಸಾಲ್ಕಿನ್ ತಟ್ಟುತ್ತಾರೆ. ಹಾಗೆಯೇ ಹಾಡು ಮುಗಿಯುವ ತನಕ, ಕೇಳದವರಿಗೆ ಕೇಳುವವರು ತಟ್ಟಿ ಹೇಳುತ್ತಾ ಕೂರುತ್ತಾರೆ. ಎದುರಿನ ಲೌಡ್‌ಸ್ಪೀಕರ್ ಇನ್ನೂ ಬಾಯಿ ತೆರೆದಿಲ್ಲ.

“ಐತೆ ಅನ್ನು,” ಎನ್ನುತ್ತಾರೆ ಅಜ್ಜಿ, ತಲೆವಸ್ತ್ರದ ಅಂಚಿನಿಂದ ಮೊದಲು ಸಾಲ್ಕಿನ್ ಕಣ್ಣು, ಆಮೇಲೆ ತಮ್ಮ ಕಣ್ಣು ಒರೆಸಿ.

ಕೆಲವು ದಿನ ಬಿಟ್ಟು ನಾನು ಮತ್ತೆ ಹೋದಾಗ ಅಂಗಡಿಯ ಮುಂದೆ ಸಾಲ್ಕಿನ್ ಹೇಳಿಕಳಿಸಿದ ಹಳೆಯ ಗಿರಾಕಿಗಳು ಹೆಡ್‌ಫೋನ್ ಹಿಡಿದು ನಿಂತಿದ್ದಾರೆ. ಸಾಲ್ಕಿನ್ ಒಬ್ಬೊಬ್ಬರದನ್ನೇ ಬಿಚ್ಚಿ, ಕಂಬಳಿ ಉಂಗುರ ತೆಗೆದು, ಕನ್ವರ್ಟರ್ ಬದಲಿಸಿ ಕೊಡುತ್ತಿದ್ದಾರೆ. ಕೂಲಿ ಕೇಳುವುದಿಲ್ಲ. “ಹಿತವಾಗಿತ್ತಲ್ಲಮ್ಮ, ಯಾಕೆ ಬಿಚ್ಚಿದೆ?” ಎಂದು ಬೇಸರಪಟ್ಟವರಿಗೆ, “ಹಿತ ಅಂತ ಅರ್ಧ ಮುಚ್ಚಿಟ್ಟು ಕೊಟ್ಟಿದ್ದೆ. ಟೇಪಿನಲ್ಲಿ ಏನಿದೆಯೋ ಅಷ್ಟೂ ಕೇಳ್ಲಿ,” ಎನ್ನುತ್ತಾರೆ.

ನನ್ನ ಕಡೆ ತಿರುಗಿ ಒಂದು ಬೇಡಿಕೆ ಇಡುತ್ತಾರೆ. “ನಿಮ್ಮ ಪತ್ರಿಕೇಲಿ ನನ್ನ ಕಷ್ಟಸುಖ ಬರೀದಿದ್ರೂ ಪರವಾಗಿಲ್ಲ. ನನ್ನ ಹತ್ರ ಜೋಡಿ ಹಾಕಿಸ್ಕೊಂಡೋರೆಲ್ಲ ಒಂದ್ಸಲ ಬನ್ನಿ ಅಂತ ಬರೀರಿ. ಅಷ್ಟು ಸಾಕು.”

ದನಿ ಸಿಗಲಿಲ್ಲವಲ್ಲ ಎನ್ನುತ್ತೇನೆ, ಹೇಗೆ ಕೇಳಬೇಕೆಂದು ತಿಳಿಯದೆ.

“ಸಿಗಲಿಲ್ಲ. ಇನ್ನು ಸಿಗೋದೂ ಇಲ್ಲ.” ಅವರು ಸ್ಕ್ರೂ ಬಿಗಿಯುವುದನ್ನು ನಿಲ್ಲಿಸುವುದಿಲ್ಲ. “ರಾತ್ರಿ ಮಲಗಿದಾಗ ಬೇಜಾರಾಗುತ್ತೆ, ಸುಳ್ಳು ಯಾಕೆ ಹೇಳ್ಲಿ. ನನ್ನನ್ನ ಹೇಗೆ ಕರೀತಿದ್ಲು ಅಂತ ಇನ್ನೂ ಬೇಕು ಅನ್ನಿಸುತ್ತೆ. ಬೆಳಗಾದ್ರೆ ಇಲ್ಲಿ ಬಂದು ಆ ಹಾಡು ಹಾಕ್ಕೊಂಡು ಕೂರ್ತೀನಿ.”

ಸರದಿಯಲ್ಲಿ ಕುಬಾನಿಚ್ ಇದ್ದಾನೆ. ಒಳಗೆ ಬಂದವನೇ ಕಲ್ಪಾಕ್ ತೆಗೆದು ಎತ್ತರದ ಮೊಳೆಗೆ ನೇತುಹಾಕಿ, ಹೇಳಿಸಿಕೊಳ್ಳದೆ ಕೂತು, ಚಹಾ ಬಟ್ಟಲಿಗೆ ಕೈ ಚಾಚುತ್ತಾನೆ. ಅವನ ತಂದೆಯ ಹೆಡ್‌ಫೋನಿನಿಂದ ಕಂಬಳಿ ಉಂಗುರ ಹೊರಬರುತ್ತದೆ. ಸಾಲ್ಕಿನ್ ಹಾಡು ಹಾಕುತ್ತಾರೆ. ಅವನು ಹುಬ್ಬು ಗಂಟಿಕ್ಕುತ್ತಾನೆ.

“ಅಕ್ಕ, ಆ ಟಿಣ್ ಅನ್ನೋದು ಮತ್ತೆ ಬಂತಲ್ಲ. ಅಡಗಿಸಿದ್ದೆಯಲ್ಲ ಅವತ್ತು?”

“ಬರ್ಲಿ ಬಿಡೋ. ಅದು ನಮ್ಮಮ್ಮ.”

ಕುಬಾನಿಚ್ ಅವರ ಮುಖ ನೋಡುತ್ತಾನೆ. ಬಟ್ಟಲನ್ನು ಕೆಳಗಿಟ್ಟು, ಚಾಚಿದ್ದ ಕಾಲು ಮಡಿಸಿಕೊಂಡು, ಮನೆಗೆ ಹಿರಿಯರು ಬಂದಾಗ ಕೂರುವ ಹಾಗೆ ನೆಟ್ಟಗೆ ಕೂರುತ್ತಾನೆ.

“ಸ್ವಲ್ಪ ಜೋರು ಮಾಡಕ್ಕ,” ಎನ್ನುತ್ತಾನೆ.